ಹೀರೊ ಬಾಯಿ ಬಿಡಲ್ಲ, ನನ್ನ ಹುಡುಗನೂ ಬಾಯಿ ಬಿಡಲ್ಲ

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಯಳಂದೂರಿನ ಹತ್ತಿರದ ಹಳ್ಳಿಯವಳು. ಕೊಳ್ಳೇಗಾಲದ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಹನೂರು ಕಡೆಯ ಹುಡುಗನ ಜೊತೆ ನಿಶ್ಚಿತಾರ್ಥ ಆಗಿದೆ. ಅವರು ಕಬಡ್ಡಿ ಆಟಗಾರರು. ಸುತ್ತಮುತ್ತ ಎಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆದರೂ ಗೆಳೆಯರ ಜೊತೆ ಹೊರಡುತ್ತಾರೆ. ಒಳ್ಳೆಯ ರೈಡರ್ ಅಂತ ಹೆಸರಿದೆ. ಹೈಸ್ಕೂಲಿನಲ್ಲಿ ನಾನೂ ಖೋ-ಖೋ ಆಡಿದವಳಾದ್ದರಿಂದ ಹುಡುಗ ಆಟಗಾರ ಅಂದಾಗ ಖುಷಿಯಾಗಿತ್ತು. ಆದರೆ ಅವರಿಗೆ ಮಾತು ಬಹಳ ಕಮ್ಮಿ. ನಾನು ಉದ್ದುದ್ದ ಮೆಸೇಜ್ ಹಾಕಿದರೆ ‘ಹ್ಞೂಂ’, ‘ಸರಿ’ ಅಷ್ಟೇ. ಪಂದ್ಯ ಸೋತ ದಿನ ಅದೂ ಇಲ್ಲ.

ಈಚೆಗೆ ಜೊತೆಯ ಟೀಚರ್ ಒಬ್ಬಳು ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟಳು. ಐಸ್ ಮೇಲೆ ಹಾಕಿ ಆಡುವ ಹುಡುಗ, ಅವನದೇ ಕಾಲೇಜಿನ ಹುಡುಗಿ. ಇಬ್ಬರಿಗೂ ಪ್ರೀತಿ, ಇಬ್ಬರೂ ಹೇಳುವುದಿಲ್ಲ. ಯಾರದೋ ಮಾತು ಕೇಳಿ ಅವಳು ಊರು ಬಿಟ್ಟು ಹೋಗುತ್ತಾಳೆ. ಅವನು ಏನಾಯಿತು ಅಂತ ಕೇಳುವುದು ಬಿಟ್ಟು ಕಂಡವರ ಜೊತೆ ಹೊಡೆದಾಡುತ್ತಾನೆ. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿದ್ದ ಕಥೆ! ಇಬ್ಬರ ಮೇಲೂ ಎಷ್ಟು ಸಿಟ್ಟು ಬಂತೆಂದರೆ ಪುಸ್ತಕ ಎಸೆಯಬೇಕು ಅನ್ನಿಸಿತು. ಆದರೂ ನಿದ್ದೆಗೆಟ್ಟು ಓದಿ ಮುಗಿಸಿದೆ. ಕೊನೆಗೆ ಅವನು ಅವಳನ್ನು ಹುಡುಕಿಕೊಂಡು ಬಂದಾಗ ಅತ್ತುಬಿಟ್ಟೆ.

ನನ್ನ ತೊಂದರೆ ಶುರುವಾದದ್ದು ಆಮೇಲೆ. ಇವರೂ ಹಾಗೆ ಹುಡುಕಿಕೊಂಡು ಬರುತ್ತಾರಾ ನೋಡೋಣ ಅಂತ ಒಂದಷ್ಟು ದಿನ ಇವರ ಫೋನ್ ಎತ್ತಲಿಲ್ಲ. ಬರಲಿಲ್ಲ. ಕೊನೆಗೆ ‘ಹುಷಾರಿಲ್ವಾ?’ ಅಂತ ಒಂದು ಮೆಸೇಜ್ ಬಂತು, ಅಷ್ಟೇ. ಇವರಿಗೆ ನನ್ನ ಮೇಲೆ ಮನಸ್ಸೇ ಇಲ್ಲವಾ? ಅಮ್ಮ ‘ಗಂಡಸ್ರು ಹಂಗೇ ಕಣವ್ವ’ ಅಂತಾರೆ. ಅಕ್ಕ ‘ಕಥೆ ಪುಸ್ತಕ ಓದಿ ತಲೆ ಕೆಡಿಸ್ಕೊಂಡಿದ್ದೀಯ’ ಅಂತ ಬೈತಾಳೆ. ಏನು ಮಾಡಲಿ?
– ಹೆಸರು ಬೇಡ, ಯಳಂದೂರು ತಾಲ್ಲೂಕು

ಉತ್ತರ: ಪುಸ್ತಕ ನಿಮ್ಮ ತಲೆ ಕೆಡಿಸಿಲ್ಲ. ಹಾಗಂತ ನಿಮ್ಮ ಅಕ್ಕನಿಗೆ ಧೈರ್ಯವಾಗಿ ಹೇಳಿ. ಬಾಯಿದ್ದೂ ಮಾತಾಡದ ಆ ಇಬ್ಬರ ಮೇಲೆ ನಿಮಗೆ ಬಂದ ಸಿಟ್ಟು ನ್ಯಾಯವಾದದ್ದೇ. ಆದರೆ ಯಾವ ಕೆಲಸಕ್ಕಾಗಿ ಆ ಹುಡುಗಿಯನ್ನು ಬೈದುಕೊಂಡಿರೋ, ಫೋನ್ ಎತ್ತದೆ ಕೂತು ನೀವು ಅದೇ ಕೆಲಸ ಮಾಡಿದಿರಿ. ಯಾಕೆ ಹೀಗಾಯಿತು ಎಂಬುದನ್ನು ಮೊದಲು ನೋಡೋಣ.

ಇಂಥ ಕ್ರೀಡಾ ಪ್ರೇಮ ಕಾದಂಬರಿಗಳಿಗೆ ಒಂದು ಅಚ್ಚು ಇದೆ. ಎಲ್ ಕೆನಡಿಯವರ ‘ದಿ ಡೀಲ್’ (2015), ಹನ್ನಾ ಗ್ರೇಸ್ ಅವರ ‘ಐಸ್‌ಬ್ರೇಕರ್’ (2022) ಓದಿದವರಿಗೆ ಅದು ಗೊತ್ತಿರುತ್ತದೆ. ಒಂದು ಅಧ್ಯಾಯ ಅವಳ ಬಾಯಲ್ಲಿ, ಇನ್ನೊಂದು ಅವನ ಬಾಯಲ್ಲಿ. ಅವನು ಮುಖ ಗಂಟಿಕ್ಕಿಕೊಂಡು ಕೂತಿದ್ದರೂ ಒಳಗೊಳಗೇ ಎಷ್ಟು ಒದ್ದಾಡುತ್ತಿದ್ದಾನೆಂದು ಅವಳಿಗಿಂತ ಮೊದಲೇ ನಮಗೆ ತಿಳಿದುಬಿಡುತ್ತದೆ. ಎರಡೂ ಕಡೆಯ ಗುಟ್ಟು ಗೊತ್ತಿರುವುದರಿಂದಲೇ ‘ಅಯ್ಯೋ, ಹೇಳಬಾರದಾ’ ಎಂದು ನಾವು ಚಡಪಡಿಸುವುದು. ಇವರು ಮಾತಾಡಿಬಿಟ್ಟರೆ ಪುಸ್ತಕ ಮುಗಿದುಹೋಗುತ್ತದಲ್ಲ, ಅದಕ್ಕೇ ಬರೆಯುವವರು ಇವರ ಬಾಯಿ ಕಟ್ಟಿಹಾಕುತ್ತಾರೆ. ಅವನ ಮೌನದ ಹಿಂದೆ ಪ್ರೀತಿ ಇದ್ದೇ ಇದೆ ಎಂಬ ಭರವಸೆ ಓದುಗರಿಗೆ ಮೊದಲ ಪುಟದಿಂದಲೇ ಸಿಕ್ಕಿರುತ್ತದೆ. ನಿಮ್ಮ ಹುಡುಗನ ಅಧ್ಯಾಯವನ್ನು ಯಾರೂ ಅಚ್ಚು ಹಾಕಿಸಿಲ್ಲ. ಅದನ್ನು ಅವರ ಬಾಯಿಂದಲೇ ಕೇಳಿ ತಿಳಿಯಬೇಕು.

ರೇಗಿಸುವ ಪಾತ್ರಗಳೆಲ್ಲ ಕೆಟ್ಟ ಪಾತ್ರಗಳೇನಲ್ಲ. ತ್ರಿವೇಣಿಯವರ ‘ಶರಪಂಜರ’ದ ಗಂಡನ ಮೇಲೂ ನಮಗೆ ಸಿಟ್ಟು ಬರುತ್ತದೆ. ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಅವನು ಮತ್ತೆ ಹೆಂಡತಿಯಾಗಿ ಕಾಣುವುದೇ ಇಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದರು. ನಿಮ್ಮ ಅಮ್ಮ ಖಂಡಿತ ನೋಡಿರುತ್ತಾರೆ, ಕೇಳಿ. ಆ ಸಿಟ್ಟು ನಮ್ಮ ಸುತ್ತಲಿನ ಮನೆಗಳನ್ನೇ ಹೊಸದಾಗಿ ನೋಡುವಂತೆ ಮಾಡುತ್ತದೆ. ಪುಟ ತುಂಬಿಸಲೆಂದೇ ಹುಟ್ಟಿಸಿದ ಮನಸ್ತಾಪ ಆ ಕೆಲಸ ಮಾಡುವುದಿಲ್ಲ. ಈ ವ್ಯತ್ಯಾಸ ತಿಳಿದುಕೊಂಡು ಓದಿ. ಓದುವುದನ್ನು ಮಾತ್ರ ಬಿಡಬೇಡಿ.

ಇನ್ನು ನೀವು ಇಟ್ಟ ಪರೀಕ್ಷೆಯ ವಿಷಯ. ಇದರ ಕಥೆ ನಿಮ್ಮ ಸೀಮೆಯಲ್ಲೇ ಇದೆ. ಮಾದಪ್ಪನ ಕಥೆ ಹಾಡುವವರಿಂದ ಸಂಕಮ್ಮನ ಸಾಲು ಕೇಳಿಯೇ ಇರುತ್ತೀರಿ. ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯ ನಡತೆಗೆ ಬಲಗೈ ಭಾಷೆ ಕೇಳುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಅವನು ಕೊಡಬಾರದ ಹಿಂಸೆ ಕೊಟ್ಟು ಹೋಗುತ್ತಾನೆ. ಆಗ ಮಲೆಯ ಮಾದಪ್ಪ ಬಂದು ನಿಂತದ್ದು ಭಾಷೆ ಕೊಡದ ಸಂಕಮ್ಮನ ಕಡೆಗೆ. ನೀಲೇಗೌಡನ ಕ್ರೌರ್ಯ ಎಲ್ಲಿ, ನೀವು ಫೋನ್ ಎತ್ತದ್ದು ಎಲ್ಲಿ? ಎರಡನ್ನೂ ನಾನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಸಾಬೀತು ಮಾಡಿ ತೋರಿಸು ಎಂಬ ಒಳಮಾತು ಎರಡರಲ್ಲೂ ಇದೆ. ಅದರಲ್ಲೂ ನಿಮ್ಮ ಹುಡುಗನಿಗೆ ತಾವು ಪರೀಕ್ಷೆಗೆ ಕೂತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಹುಷಾರಿಲ್ಲವೇನೋ ಅಂದುಕೊಂಡರು, ಹಾಗೇ ಕೇಳಿದರು. ಅದನ್ನು ಕೇಳಲು ಅಷ್ಟು ದಿನ ಬೇಕಿತ್ತೇ ಎಂಬ ನಿಮ್ಮ ನೋವು ಸುಳ್ಳಲ್ಲ. ಅದನ್ನೂ ಅವರಿಗೇ ಹೇಳಿ.

ಆಟಗಾರರ ಮೌನದ ಬಗ್ಗೆ ಒಂದು ಮಾತು. ರೈಡ್‌ಗೆ ಹೋದವನಿಗೆ ಸಿಗುವುದು 30 ಸೆಕೆಂಡ್. ಅಷ್ಟರಲ್ಲಿ ಆದ ಎಡವಟ್ಟು ಊರ ಮುಂದೆಲ್ಲ ಆಗಿರುತ್ತದೆ. ಕೊನೆಯ ರೈಡ್‌ನಲ್ಲಿ ಸಿಕ್ಕಿಬಿದ್ದು ತಂಡ ಸೋತರೆ ಆ ಸೋಲು ತನ್ನೊಬ್ಬನದೇ ಅನ್ನಿಸುತ್ತದೆ. ಮೈಕೈ ನೋವು ಬೇರೆ. ಅಂಥ ರಾತ್ರಿ ಮಾತು ಬೇಡವಾಗುವುದು ಆಡಿದವರಲ್ಲಿ ಸಾಮಾನ್ಯ. ನೀವೇ ಖೋ-ಖೋ ಸೋತು ಬಂದ ದಿನ ಅಮ್ಮನ ಜೊತೆ ಎಷ್ಟು ಮಾತಾಡಿದ್ದಿರಿ, ನೆನಪಿಸಿಕೊಳ್ಳಿ. ಆ ಒಂದು ರಾತ್ರಿ ಬಿಟ್ಟುಬಿಡಿ. ಮರುದಿನವೂ ವಾರವಿಡೀ ಮೌನವೇ ಆದರೆ ‘ಗಂಡಸ್ರು ಹಂಗೇ’ ಎಂಬ ಸಮಾಧಾನ ಸಾಲದು. ಮಾತು ಹೆಂಗಸರಷ್ಟೇ ಗಂಡಸರೂ ಕಲಿಯಬೇಕಾದ ವಿದ್ಯೆ. ಮದುವೆಗೆ ಮುಂಚೆ ಕಲಿತರೆ ಇಬ್ಬರಿಗೂ ಸುಖ.

ಖೋ-ಖೋದಲ್ಲಿ ಒಂದು ನಿಯಮ ಇದೆಯಲ್ಲ: ಕೂತವಳ ಬೆನ್ನು ಮುಟ್ಟಿದರಷ್ಟೇ ಸಾಲದು, ಮುಟ್ಟಿದ ಗಳಿಗೆಯಲ್ಲೇ ಕೇಳಿಸುವಂತೆ ‘ಖೋ’ ಅನ್ನಬೇಕು. ಅನ್ನದಿದ್ದರೆ ಫೌಲ್. ನಿಮ್ಮಿಬ್ಬರ ನಡುವೆ ಈಗ ಬೇಕಾಗಿರುವುದು ಅದೇ. ಪಂದ್ಯ ಇಲ್ಲದ ದಿನ ನೋಡಿ ಭೇಟಿಯಾಗಿ. ಮೆಸೇಜ್‌ನಲ್ಲಿ ಬೇಡ, ಎದುರಿಗೇ ಆಗಲಿ. ಮನೆಯವರಿಗೆ ಹೇಳಿಯೇ ಹೋಗಿ. ‘ನೀವು ಹ್ಞೂಂ ಅಂದಾಗ ನಾನು ಬೇಡವೇನೋ ಅನ್ನಿಸುತ್ತೆ. ಸೋತ ದಿನ ಮಾತು ಬೇಡವಾದರೆ ಅಷ್ಟನ್ನೇ ಹೇಳಿ, ನಾನು ಕಾಯುತ್ತೇನೆ. ನಾನು ಬೇಕೆಂದೇ ಫೋನ್ ಎತ್ತಲಿಲ್ಲ, ಇನ್ನು ಹಾಗೆ ಮಾಡಲ್ಲ.’ ಇಷ್ಟು ಹೇಳಿ ಸುಮ್ಮನಿದ್ದು ಅವರ ಮಾತಿಗೆ ಜಾಗ ಕೊಡಿ. ಮದುವೆಯಾದ ಮೇಲೆ ನಿಮ್ಮ ಕೆಲಸ, ಸಂಬಳ, ಎಲ್ಲಿ ಮನೆ ಮಾಡುವುದು ಎಂಬುದನ್ನೂ ಅಲ್ಲೇ ಕೇಳಿ. ಮಾತು ಕಮ್ಮಿ ಇರುವವರೂ ಇವಕ್ಕೆ ಉತ್ತರ ಕೊಡಲೇಬೇಕು.

ಕಮ್ಮಿ ಮಾತು ಸ್ವಭಾವ ಇರಬಹುದು. ಸ್ವಭಾವ ಅಂದುಕೊಂಡು ಸಹಿಸಬಾರದವು ಬೇರೆ ಇವೆ. ಈ ಕಾದಂಬರಿಗಳಲ್ಲಿ ನಾಯಕಿಯನ್ನು ನೋಡಿದವನಿಗೆಲ್ಲ ನಾಯಕ ಹೊಡೆಯುತ್ತಾನೆ, ಅವಳೆಲ್ಲಿದ್ದಾಳೆಂದು ಪತ್ತೆ ಹಚ್ಚುತ್ತಾನೆ, ಅದಕ್ಕೆ ಪ್ರೀತಿ ಎಂಬ ಹೆಸರು ಸಿಗುತ್ತದೆ. ಹನೂರಿನಲ್ಲಾಗಲಿ ಯಳಂದೂರಿನಲ್ಲಾಗಲಿ ಯಾರಾದರೂ ಹಾಗೆ ಮಾಡಿದರೆ ಠಾಣೆಗೆ ಹೋಗಬೇಕಾದೀತು. ನಿಮ್ಮ ಫೋನ್ ಕೇಳಿ ತಡಕುವುದು, ಕೆಲಸ ಬಿಡಿಸುವ ಮಾತು, ವರದಕ್ಷಿಣೆ, ಸೋತ ಸಿಟ್ಟನ್ನು ನಿಮ್ಮ ಮೇಲೆ ತೀರಿಸಿಕೊಳ್ಳುವುದು: ಇವುಗಳಲ್ಲಿ ಒಂದು ಕಂಡರೂ ನಿಶ್ಚಿತಾರ್ಥವನ್ನು ಅಲ್ಲೇ ನಿಲ್ಲಿಸಿ. ಮಂಟಪಕ್ಕೆ ಮುಂಗಡ ಕೊಟ್ಟಾಗಿದೆ ಎಂಬುದು ಮದುವೆಗೆ ಕಾರಣವಾಗಬಾರದು. ಮನೆಯವರು ಕೇಳದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಆದರೂ ಹೇಳುವುದು ನನ್ನ ಕರ್ತವ್ಯ.

ಇನ್ನೊಂದು ಸಂಗತಿ. ಈ ಹಾಕಿ ಕಥೆಗಳಲ್ಲಿ ಹೆಚ್ಚಾಗಿ ಅವನು ಅಂಗಳದಲ್ಲಿ ಆಡುತ್ತಾನೆ, ಅವಳು ಮೇಲೆ ಕೂತು ನೋಡುತ್ತಾಳೆ. ನಿಮ್ಮ ಪತ್ರದಲ್ಲೂ ಅವರು ಕೋರ್ಟ್‌ನಲ್ಲಿದ್ದಾರೆ, ನೀವು ಫೋನ್ ಹಿಡಿದು ಕೂತಿದ್ದೀರಿ. ಬೇರೆ ಕೆಲಸವಿಲ್ಲದೆ ಕಾದರೆ ಗಂಟೆಯೂ ದಿನವಾಗುತ್ತದೆ. 2025ರ ಜನವರಿ 19ರಂದು ದಿಲ್ಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್‌ನ ಮಹಿಳಾ ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ಭಾರತ ತಂಡದಲ್ಲಿ ನಿಮ್ಮ ಪಕ್ಕದ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಆಡಿದ್ದರು. ನೀವು ವಿಶ್ವಕಪ್ ಆಡಬೇಕಿಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಕಂಬ ನೆಡಿಸಿ ಖೋ-ಖೋ ಹೇಳಿಕೊಡಿ, ಮುಖ್ಯೋಪಾಧ್ಯಾಯರನ್ನು ಕೇಳಿ ನೋಡಿ. ಸೋಲು ಗೆಲುವಿನ ಮಾತು ಬಂದಾಗ ಇಬ್ಬರು ಆಟಗಾರರಾಗಿ ಮಾತಾಡಬಹುದು.

ಮದುವೆಗೆ ಇನ್ನೂ ಸಮಯವಿದೆ. ಈ ವಾರವೇ ಅವರಿಗೆ ಫೋನ್ ಮಾಡಿ ಭೇಟಿಯ ದಿನ ಗೊತ್ತು ಮಾಡಿಕೊಳ್ಳಿ. ಮನಸ್ಸು ಬಿಚ್ಚಿ ಕೇಳಿದ ಮೇಲೂ ಬರೀ ‘ಹ್ಞೂಂ’ ಬಂದರೆ ಅದನ್ನೇ ಉತ್ತರವೆಂದು ತಿಳಿದು, ಮನೆಯವರನ್ನು ಕೂರಿಸಿಕೊಂಡು ಮುಂದಿನದನ್ನು ತೀರ್ಮಾನಿಸಿ.