ಬ್ರಿಟನ್ನಿನ ಹಿತ್ತಲಲ್ಲಿ ಫ್ಯೂಷಿಯಾ: ಚಳಿಗಾಲ ದಾಟಿಸುವ ಬಗೆ

ಬ್ರಿಟನ್ನಿಗೆ ಹೋಗಿ ನೆಲೆಸಿದ ಕನ್ನಡಿಗರ ಮನೆಯ ಹಿಂದೆ ಅಂಗೈಯಗಲ ಹಿತ್ತಲಿದ್ದರೂ ಸಾಕು, ಹೂಗಿಡದ ಆಸೆ ಚಿಗುರುತ್ತದೆ. ಆದರೆ ನಮ್ಮ ದುಂಡುಮಲ್ಲಿಗೆ, ಕೆಂಪು ದಾಸವಾಳ ಅಲ್ಲಿನ ಚಳಿಗೆ ಹೊರಗೆ ಉಳಿಯುವುದಿಲ್ಲ. ಅಂಥ ಹಿತ್ತಲಿಗೆ ಹೇಳಿ ಮಾಡಿಸಿದ ಗಿಡ ಫ್ಯೂಷಿಯಾ. ಜೂನ್ ಕೊನೆಗೆ ಹೂ ಶುರುವಾದರೆ ಅಕ್ಟೋಬರ್ ದಾಟುವವರೆಗೂ ಕೆಂಪು-ನೇರಳೆ ಜುಮುಕಿಗಳಂತೆ ತೂಗುತ್ತಲೇ ಇರುತ್ತದೆ. ಸರಿಯಾದ ತಳಿ ಆರಿಸಿ, ಸರಿಯಾಗಿ ನೆಟ್ಟರೆ ವರ್ಷ ವರ್ಷವೂ ಅದೇ ಬುಡದಿಂದ ಎದ್ದು ಬರುತ್ತದೆ.

ಇದರ ಹೆಚ್ಚಿನ ಜಾತಿಗಳ ತವರು ದಕ್ಷಿಣ ಅಮೆರಿಕ. ಫ್ರೆಂಚ್ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಪ್ಲೂಮಿಯೆ 1703ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿ, ಜರ್ಮನಿಯ ಸಸ್ಯಶಾಸ್ತ್ರಜ್ಞ ಲಿಯೊನಾರ್ಡ್ ಫುಕ್ಸ್ ನೆನಪಿಗೆ ಆ ಹೆಸರಿಟ್ಟ. ಚಿಲಿ, ಅರ್ಜೆಂಟೀನಾಗಳ ದಕ್ಷಿಣ ತುದಿಯ ತಂಪು ಕಾಡುಗಳಲ್ಲಿ ಬೆಳೆಯುವ ಫ್ಯೂಷಿಯಾ ಮ್ಯಾಗೆಲಾನಿಕಾ ಎಂಬ ಜಾತಿಯೇ ಚಳಿ ತಡೆಯುವ ಎಷ್ಟೋ ತಳಿಗಳ ಮೂಲ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಇದು ಆಳೆತ್ತರದ ಬೇಲಿಯಾಗಿಯೇ ಬೆಳೆದಿದೆ.

1. ತಳಿಯ ಆಯ್ಕೆ

ತೂಗುಬುಟ್ಟಿಗಳಲ್ಲಿ ಮಾರುವ, ಸುತ್ತು ಸುತ್ತು ಎಸಳಿನ ದೊಡ್ಡ ಹೂಗಳ ಫ್ಯೂಷಿಯಾಗಳಲ್ಲಿ ಹೆಚ್ಚಿನವು ನಾಜೂಕು. ಮೊದಲ ಗಟ್ಟಿ ಚಳಿಗೇ ಸಾಯುತ್ತವೆ. ಕೊಳ್ಳುವಾಗ ಚೀಟಿಯ ಮೇಲೆ ‘ಹಾರ್ಡಿ’ ಎಂದಿದೆಯೇ ನೋಡಿ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ‘ಎಚ್4’ ಗುರುತಿದ್ದರೆ ಮೈನಸ್ 5ರಿಂದ ಮೈನಸ್ 10 ಡಿಗ್ರಿವರೆಗಿನ ಚಳಿ ತಡೆಯಬಲ್ಲದು ಎಂದರ್ಥ.

ಹೊಸಬರಿಗೆ ಹೊಂದುವ ತಳಿಗಳಿವು: ಮೊಣಕಾಲೆತ್ತರವನ್ನೂ ಮೀರದ ‘ಟಾಮ್ ಥಂಬ್’, ಸೊಂಟದೆತ್ತರಕ್ಕೆ ಬರುವ ಕೆಂಪು-ನೇರಳೆ ಹೂವಿನ ‘ಮಿಸೆಸ್ ಪಾಪಲ್’, ಹಸಿರು ತುದಿಯ ಬಿಳಿ ಹೂವಿನ ‘ಹಾಕ್ಸ್‌ಹೆಡ್’, ಎಲೆಯೇ ಹೊಂಬಣ್ಣವಾಗಿರುವ ‘ಜೀನಿ’. ಬೇಲಿಗೆ ‘ರಿಕಾರ್ಟೋನಿ’.

2. ನೆಡುವ ಕಾಲ, ಜಾಗ

ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಮುಗಿದ ಮೇಲೆ, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲಲ್ಲಿ ನೆಡಿ. ಚಳಿ ಬರುವಷ್ಟರಲ್ಲಿ ಬೇರು ಆಳಕ್ಕೆ ಇಳಿಯಲು ನಾಲ್ಕೈದು ತಿಂಗಳಾದರೂ ಬೇಕು. ಸೆಪ್ಟೆಂಬರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದ ಗಿಡವನ್ನು ಆ ವರ್ಷ ಕುಂಡದಲ್ಲೇ ಇಟ್ಟುಕೊಂಡು ಮುಂದಿನ ಬೇಸಿಗೆಗೆ ನೆಲಕ್ಕೆ ಇಳಿಸಿ.

ಅರ್ಧ ದಿನದ ಬಿಸಿಲು, ಗಾಳಿಗೆ ಮರೆ, ನೀರು ನಿಲ್ಲದ ಮಣ್ಣು ಇವಿಷ್ಟು ಸಾಕು. ಲಂಡನ್ ಸುತ್ತಲಿನಂಥ ಜೇಡಿಮಣ್ಣಾದರೆ ಕಾಂಪೋಸ್ಟ್, ಸಣ್ಣ ಜಲ್ಲಿ ಬೆರೆಸಿ ಸಡಿಲ ಮಾಡಿ. ಬರೀ ಚಳಿಗಿಂತ ಚಳಿಯಲ್ಲಿ ಬುಡಕ್ಕೆ ನಿಂತ ನೀರು ಹೆಚ್ಚು ಅಪಾಯ.

3. ಆಳಕ್ಕೆ ನೆಡುವುದೇ ಗುಟ್ಟು

ಸಾಮಾನ್ಯವಾಗಿ ಕುಂಡದ ಮಣ್ಣಿನ ಮಟ್ಟಕ್ಕೇ ಗಿಡ ನೆಡುತ್ತೇವೆ. ಫ್ಯೂಷಿಯಾಗೆ ಹಾಗಲ್ಲ. ಕುಂಡದ ಮಣ್ಣಿನ ಮೇಲ್ಮೈ ನೆಲಮಟ್ಟದಿಂದ ಕನಿಷ್ಠ 5 ಸೆಂಟಿಮೀಟರ್ ಕೆಳಗಿರಬೇಕು. ಗಿಡ ಬಲಿತಿದ್ದರೆ 10 ಸೆಂಟಿಮೀಟರ್ ಆದರೂ ಸರಿ. ಕಾಂಡದ ಕೆಳಗಿನ ಒಂದೆರಡು ಗೆಣ್ಣು ಹೀಗೆ ಮಣ್ಣೊಳಗೆ ಸೇರುತ್ತವೆ. ಬ್ರಿಟನ್ನಿನ ಸಾಧಾರಣ ಚಳಿಗಾಲದಲ್ಲಿ ಹೆಪ್ಪುಗಟ್ಟುವುದು ನೆಲದ ಮೇಲ್ಪದರ ಮಾತ್ರ. ಹಾಗಾಗಿ ಮೇಲಿನ ರೆಂಬೆಯೆಲ್ಲ ಒಣಗಿದರೂ ಹೂತ ಗೆಣ್ಣಿನ ಕಣ್ಣುಗಳು ಉಳಿದು ವಸಂತದಲ್ಲಿ ಚಿಗುರುತ್ತವೆ.

ಕಾಂಡ ತೀರ ಎಳಸಾಗಿದ್ದರೆ ಒಮ್ಮೆಗೇ ಹೂಳಬೇಡಿ. ಗಿಡದ ಸುತ್ತ ತಟ್ಟೆಯಂತೆ ತಗ್ಗು ಬಿಟ್ಟು, ಬೇಸಿಗೆಯುದ್ದಕ್ಕೂ ಸ್ವಲ್ಪ ಸ್ವಲ್ಪ ಮಣ್ಣು ಏರಿಸುತ್ತ ಬನ್ನಿ.

4. ಬೇಸಿಗೆಯ ಆರೈಕೆ

ಮೊದಲ ವರ್ಷ ಮಣ್ಣು ಒಣಗದಂತೆ ನೀರು ಕೊಡಿ. ಎಳೆಯ ಗಿಡದ ತುದಿಯನ್ನು ಒಂದೆರಡು ಸಲ ಚಿವುಟಿದರೆ ಪೊದೆಯಾಗಿ ಹರಡುತ್ತದೆ. ಹೂ ಬಿಡುವ ಕಾಲದಲ್ಲಿ ಪೊಟ್ಯಾಷ್ ಹೆಚ್ಚಿರುವ ಟೊಮೆಟೊ ಗೊಬ್ಬರವನ್ನು ನೀರಿಗೆ ಬೆರೆಸಿ ಹಾಕಿ. ಸೆಪ್ಟೆಂಬರಿಗೆ ಗೊಬ್ಬರ ನಿಲ್ಲಿಸಿ. ಆಮೇಲೆ ಬಂದ ಎಳೆ ಚಿಗುರು ಚಳಿಗೆ ಬಲಿಯಾಗುತ್ತದೆ.

ಎಲೆ, ಮೊಗ್ಗು ಊದಿಕೊಂಡು ಕೆಂಪಗೆ ಮುದುಡಿದ್ದರೆ ಗಾಲ್ ಮೈಟ್ ಎಂಬ ಕಣ್ಣಿಗೆ ಕಾಣದ ನುಸಿ ಬಂದಿದೆ ಎಂದು ಅನುಮಾನಿಸಿ. 2007ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಪತ್ತೆಯಾದ ಪಿಡುಗು ಇದು. ಆ ಭಾಗ ಕತ್ತರಿಸಿ ಸುಟ್ಟುಬಿಡಿ, ಕಾಂಪೋಸ್ಟಿಗೆ ಹಾಕಬೇಡಿ. ಕತ್ತರಿಯನ್ನೂ ಕೈಯನ್ನೂ ತೊಳೆಯಿರಿ. ಆದರೆ ಬೆರಳುಗಾತ್ರದ, ತಲೆಯ ಬಳಿ ಕಣ್ಣಿನಂಥ ಚುಕ್ಕೆಯಿರುವ ಕಂದು ಹುಳು ಕಂಡರೆ ಕೊಲ್ಲಬೇಡಿ. ಅದು ಎಲಿಫೆಂಟ್ ಹಾಕ್-ಮಾತ್ ಎಂಬ ಚೆಂದದ ಪತಂಗದ ಮರಿ. ನಾಲ್ಕು ಎಲೆ ತಿಂದರೆ ಗಿಡಕ್ಕೆ ನಷ್ಟವೇನಿಲ್ಲ.

5. ಚಳಿಗಾಲಕ್ಕೆ ಸಿದ್ಧತೆ

ಬೆಂಗಳೂರಿನಲ್ಲಿ ಅಕ್ಟೋಬರಿಗೆ ಗುಲಾಬಿ ಸವರಿ ರೂಢಿಯಾದವರಿಗೆ ಕೈ ತಡೆಯುವುದು ಕಷ್ಟ. ಆದರೂ ಫ್ಯೂಷಿಯಾವನ್ನು ಆಗ ಕತ್ತರಿಸಕೂಡದು. ಒಣಗಿದ ರೆಂಬೆಗಳೇ ಬುಡಕ್ಕೆ ಗಾಳಿ ತಡೆಯುತ್ತವೆ, ಉದುರಿದ ಎಲೆಗಳನ್ನು ಹಿಡಿದಿಡುತ್ತವೆ. ನವೆಂಬರಿನಲ್ಲಿ ಎಲೆ ಕಪ್ಪಾಗಿ ಉದುರಿದ ಮೇಲೆ ಬುಡದ ಸುತ್ತ ಸುಮಾರು 10 ಸೆಂಟಿಮೀಟರ್ ದಪ್ಪಕ್ಕೆ ತರಗೆಲೆ ಗೊಬ್ಬರ, ಮರದ ತೊಗಟೆಚೂರು ಅಥವಾ ಕಾಂಪೋಸ್ಟ್ ಹೊದಿಸಿ.

ಕುಂಡದ ಗಿಡಕ್ಕೆ ನೆಲದ ಆಸರೆಯಿಲ್ಲ, ಬೇರಿಗೇ ಚಳಿ ತಗಲುತ್ತದೆ. ಅದನ್ನು ಗ್ಯಾರೇಜು, ಶೆಡ್ಡು ಅಥವಾ ಗಾಜಿನ ಮನೆಯಲ್ಲಿ, ಹೆಪ್ಪುಗಟ್ಟದ ಕಡೆ ಇಡಿ. ಮಣ್ಣು ಪೂರ್ತಿ ಒಣಗದಷ್ಟು ನೀರು ಸಾಕು. ಬಿಸಿ ಹೀಟರಿನ ಪಕ್ಕ ಮಾತ್ರ ಬೇಡ.

6. ವಸಂತದಲ್ಲಿ ಬೇಕಾದ್ದು ತಾಳ್ಮೆ

ಏಪ್ರಿಲಿನಲ್ಲಿ ನೆರೆಯ ಗಿಡಗಳೆಲ್ಲ ಹಸಿರಾದರೂ ಫ್ಯೂಷಿಯಾ ಒಣಕಡ್ಡಿಯಂತೆ ನಿಂತಿರಬಹುದು. ಸತ್ತಿತೆಂದು ದಯವಿಟ್ಟು ಕೀಳಬೇಡಿ. ಬುಡದ ಹತ್ತಿರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ: ಒಳಗೆ ಹಸಿರಿದ್ದರೆ ಆ ಕಡ್ಡಿಗೆ ಜೀವವಿದೆ. ಕಂದಾಗಿ ಲಟಕ್ಕನೆ ಮುರಿದರೂ ಭರವಸೆ ಬಿಡಬೇಕಿಲ್ಲ. ಹೊದಿಕೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರೆ ಮಣ್ಣಿನ ಮಟ್ಟದಲ್ಲಿ ಸಾಸಿವೆ ಕಾಳಿನಷ್ಟು ಚಿಗುರು ಕಾಣಬಹುದು. ಚಳಿ ಹೆಚ್ಚಿರುವ ಕಡೆ ಇದು ಮೇ ದಾಟಿ ಜೂನಿಗೂ ಹೋಗಬಹುದು.

ಬುಡದಲ್ಲಿ ಚಿಗುರು ಕಂಡ ಮೇಲೆ ಹಳೆಯ ಕಡ್ಡಿಗಳನ್ನು ಆ ಚಿಗುರಿನ ಮೇಲ್ಭಾಗಕ್ಕೆ ಸರಿಯಾಗಿ ಕತ್ತರಿಸಿ, ಬುಡಕ್ಕೆ ಒಂದು ಹಿಡಿ ಗೊಬ್ಬರ ಹಾಕಿ. ಕಾರ್ನ್‌ವಾಲಿನಂಥ ಬೆಚ್ಚಗಿನ ಕರಾವಳಿಯಲ್ಲಿ ರೆಂಬೆಯೇ ಹಸಿರಾಗಿ ಉಳಿದರೆ ತುದಿ ಸವರಿದರೆ ಸಾಕು. ಮೇನಲ್ಲಿ ಮತ್ತೆ ಹೆಪ್ಪುಗಟ್ಟುವ ಮುನ್ಸೂಚನೆ ಬಂದರೆ ಎಳೆ ಚಿಗುರಿಗೆ ರಾತ್ರಿ ಹಳೆಯ ಬಟ್ಟೆ ಮುಚ್ಚಿ, ಬೆಳಿಗ್ಗೆ ತೆಗೆಯಿರಿ.

7. ಮುನ್ನೆಚ್ಚರಿಕೆಗೆ ಒಂದು ಕಡ್ಡಿ

ಎಷ್ಟೇ ಜೋಪಾನ ಮಾಡಿದರೂ ಅಪರೂಪದ ಕಡು ಚಳಿಗೆ ಗಿಡ ಸೋಲಬಹುದು. ಅದಕ್ಕೇ ಆಗಸ್ಟಿನಲ್ಲಿ ಹೂವಿಲ್ಲದ ಎಳೆ ರೆಂಬೆಯನ್ನು ಬೆರಳುದ್ದ, ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಒದ್ದೆ ಕಾಂಪೋಸ್ಟ್ ತುಂಬಿದ ಪುಟ್ಟ ಕುಂಡದಲ್ಲಿ ಊರಿ, ನೆರಳಲ್ಲಿಡಿ. ಮೂರು-ನಾಲ್ಕು ವಾರಕ್ಕೆ ಬೇರು ಬಿಡುತ್ತದೆ. ಬೆಳಕಿರುವ ತಂಪು ಕಿಟಕಿಯಲ್ಲಿ ಚಳಿಗಾಲ ಕಳೆದರೆ, ಜೂನಿಗೆ ನೆಡಲು ಹೊಸ ಗಿಡ ಸಿದ್ಧ. ತಾಯಿಗಿಡವೂ ಉಳಿದಿದ್ದರೆ ಆ ಸಸಿಯನ್ನು ಪಕ್ಕದ ಮನೆಯವರಿಗೆ ಕೊಡಿ. ಕೊಡುವಾಗ ಆಳಕ್ಕೆ ನೆಡಲು ಮರೆಯದೆ ಹೇಳಿ.