ಸ್ಟೆಪ್ಪರ್ ಮೋಟಾರಿಗೆ ತಕ್ಕ ಪವರ್ ರೆಸಿಸ್ಟರ್: ಆಯ್ಕೆಯ ಕ್ರಮ

ಲೇಬಲ್ ಕತ್ತರಿಸುವ, ಪೊಟ್ಟಣ ಕಟ್ಟುವ, ತಂತಿ ಸುತ್ತುವ ಅನೇಕ ಹಳೆಯ ಯಂತ್ರಗಳಲ್ಲಿ ಸ್ಟೆಪ್ಪರ್ ಮೋಟಾರಿನ ಪ್ರವಾಹವನ್ನು ಮಿತಗೊಳಿಸಲು ಪವರ್ ರೆಸಿಸ್ಟರ್‌ಗಳನ್ನು ಅಳವಡಿಸಲಾಗಿರುತ್ತದೆ. ಅವು ಸುಟ್ಟಾಗ ಕೈಗೆ ಸಿಕ್ಕಿದ್ದನ್ನು ಹಾಕಿ ಯಂತ್ರ ನಡೆಸಿದರೆ ಮೋಟಾರೇ ಕೆಡುವ ಸಂಭವವಿದೆ. ರೆಸಿಸ್ಟರಿನ ಬೆಲೆ ಅಲ್ಪ. ಮೋಟಾರಿನ ಬೆಲೆಯೂ ಉತ್ಪಾದನೆ ನಿಂತ ನಷ್ಟವೂ ಅಲ್ಪವಲ್ಲ. ಆದ್ದರಿಂದ ಆಯ್ಕೆಯ ಲೆಕ್ಕವನ್ನು ಉದ್ದಿಮೆದಾರರೂ ಬಿಡಿಭಾಗಗಳ ವ್ಯಾಪಾರಿಗಳೂ ತಿಳಿದಿರುವುದು ಒಳಿತು.

ರೆಸಿಸ್ಟರ್ ಏಕೆ ಬೇಕು?

ಆರು ತಂತಿಗಳ ಯೂನಿಪೋಲಾರ್ ಮೋಟಾರೊಂದರ ಮೇಲೆ ‘5 ವೋಲ್ಟ್, ಫೇಸ್‌ಗೆ 1 ಆಂಪಿಯರ್’ ಎಂದು ನಮೂದಾಗಿದೆ ಎಂದಿಟ್ಟುಕೊಳ್ಳಬಹುದು. ಅದರ ಸುರುಳಿಯ ರೋಧ 5 ಓಮ್. ಸುರುಳಿಯ ಇಂಡಕ್ಟೆನ್ಸ್ 10 ಮಿಲಿಹೆನ್ರಿಯಾದರೆ, 5 ವೋಲ್ಟಿನಲ್ಲಿ ಪ್ರವಾಹವು ಪೂರ್ಣ ಪ್ರಮಾಣದ ಶೇಕಡಾ 63ಕ್ಕೆ ಏರಲು 2 ಮಿಲಿಸೆಕೆಂಡು ಬೇಕು. ವೇಗ ಹೆಚ್ಚಿದಾಗ ಪ್ರವಾಹ ಏರುವ ಮೊದಲೇ ಮುಂದಿನ ಹೆಜ್ಜೆಯ ಸರದಿ ಬರುತ್ತದೆ; ಮೋಟಾರು ಬಲಗುಂದಿ ಹೆಜ್ಜೆ ತಪ್ಪುತ್ತದೆ. 24 ವೋಲ್ಟ್ ಕೊಟ್ಟು ಸರಣಿಯಲ್ಲಿ 18 ಓಮ್ ರೆಸಿಸ್ಟರ್ ಸೇರಿಸಿದರೆ ಈ ಅವಧಿ ಸುಮಾರು 0.43 ಮಿಲಿಸೆಕೆಂಡಿಗೆ ಇಳಿಯುತ್ತದೆ. ರೆಸಿಸ್ಟರ್ ಇಲ್ಲದೆ 24 ವೋಲ್ಟನ್ನು ನೇರವಾಗಿ ಕೊಟ್ಟರೆ, ನಿಂತ ಮೋಟಾರಿನಲ್ಲಿ 4 ಆಂಪಿಯರಿಗೂ ಮೀರಿದ ಪ್ರವಾಹ ಹರಿದು ಸುರುಳಿ ಸುಡುತ್ತದೆ.

ಲೆಕ್ಕದ ವಿಧಾನ

ಸರಬರಾಜಿನ 24 ವೋಲ್ಟಿನಲ್ಲಿ ಮೋಟಾರಿನ 5 ವೋಲ್ಟ್, ಡಾರ್ಲಿಂಗ್ಟನ್ ಟ್ರಾನ್ಸಿಸ್ಟರಿನಲ್ಲಿ ಇಳಿಯುವ ಸುಮಾರು 1 ವೋಲ್ಟ್ ಕಳೆದರೆ ಉಳಿಯುವುದು 18 ವೋಲ್ಟ್. ಇದನ್ನು 1 ಆಂಪಿಯರಿನಿಂದ ಭಾಗಿಸಿದರೆ ರೋಧ 18 ಓಮ್. ರೆಸಿಸ್ಟರಿನಲ್ಲಿ ಶಾಖವಾಗುವ ಶಕ್ತಿ 18 ವ್ಯಾಟ್. ಮೋಟಾರು ನಿಂತಲ್ಲೇ ಹಿಡಿದು ನಿಂತಾಗ ಈ ಶಾಖ ಬಿಡುವಿಲ್ಲದೆ ಉಂಟಾಗುತ್ತದೆ. ಆದ್ದರಿಂದ ಕನಿಷ್ಠ ಎರಡು ಪಟ್ಟು, ಅಂದರೆ 36 ವ್ಯಾಟಿಗೆ ಮೇಲ್ಪಟ್ಟದ್ದನ್ನು ಆರಿಸಬೇಕು. 50 ವ್ಯಾಟಿನದು ಸೂಕ್ತ. ‘50 ವ್ಯಾಟ್ ಹಾಕಿದರೆ ಹೆಚ್ಚು ವಿದ್ಯುತ್ ತಿನ್ನುತ್ತದೆ’ ಎಂಬ ತಿಳಿವಳಿಕೆ ತಪ್ಪು. ವ್ಯಾಟ್ ಎಂಬುದು ತಾಳಿಕೆಯ ಮಿತಿ; ವಿದ್ಯುತ್ ವೆಚ್ಚವನ್ನು ನಿರ್ಧರಿಸುವುದು ವೋಲ್ಟ್ ಮತ್ತು ಓಮ್.

ಒಂದೇ ಫೇಸಿನ ಎರಡು ಅರ್ಧ ಸುರುಳಿಗಳು ಏಕಕಾಲದಲ್ಲಿ ಚಾಲೂ ಆಗುವುದಿಲ್ಲವಾದ್ದರಿಂದ ಅವುಗಳ ಸಾಮಾನ್ಯ ತಂತಿಗೆ ಒಂದು ರೆಸಿಸ್ಟರ್ ಸಾಕು. ಎರಡು ಫೇಸ್‌ಗಳಿಗೆ ಪ್ರತ್ಯೇಕವಾಗಿ ಎರಡು ಬೇಕು. ಎರಡಕ್ಕೂ ಸೇರಿ ಒಂದನ್ನೇ ಹಾಕಿದರೆ, ಎರಡು ಫೇಸ್‌ಗಳು ಒಟ್ಟಿಗೆ ಚಾಲೂ ಇದ್ದಾಗ ಪ್ರವಾಹ ಹಂಚಿಹೋಗಿ ಮೋಟಾರು ಬಲ ಕಳೆದುಕೊಳ್ಳುತ್ತದೆ.

18 ಓಮ್ ದೊರೆಯದಿದ್ದರೆ, 25 ವ್ಯಾಟಿನ 10 ಓಮ್ ರೆಸಿಸ್ಟರ್ ಎರಡನ್ನು ಸರಣಿಯಲ್ಲಿ ಜೋಡಿಸಬಹುದು. ಆಗ ಪ್ರವಾಹ 0.92 ಆಂಪಿಯರ್; ಒಂದೊಂದರಲ್ಲೂ ಸುಮಾರು 8.5 ವ್ಯಾಟ್ ಶಾಖ. ಬಲ ಅಲ್ಪ ಕುಗ್ಗಿದರೂ ಮೋಟಾರಿಗೆ ಅಪಾಯವಿಲ್ಲ.

ಅಳವಡಿಕೆಯಲ್ಲಿ ಎಚ್ಚರ

ಅಲ್ಯೂಮಿನಿಯಂ ಕವಚದ ರೆಸಿಸ್ಟರಿನ ಮೇಲೆ ಅಚ್ಚಾಗಿರುವ ವ್ಯಾಟ್, ಅದನ್ನು ತಯಾರಕರು ಸೂಚಿಸಿದ ಅಳತೆಯ ಹೀಟ್ ಸಿಂಕಿಗೆ ಬಿಗಿದಾಗ ಮಾತ್ರ ಅನ್ವಯಿಸುತ್ತದೆ. ಬರಿದೇ ಗಾಳಿಯಲ್ಲಿ ಬಿಟ್ಟರೆ 50 ವ್ಯಾಟಿನದು ಅದರ ಅರ್ಧವನ್ನೂ ತಾಳದು. ಸೆರಾಮಿಕ್ ರೆಸಿಸ್ಟರಿಗೆ ಹೀಟ್ ಸಿಂಕ್ ಬೇಕಿಲ್ಲ. ಆದರೆ ಪೂರ್ಣ ಹೊರೆಯಲ್ಲಿ ಅದರ ಮೈ 200 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಸಾಮಾನ್ಯ ಪಿ.ವಿ.ಸಿ. ತಂತಿಯ ಮಿತಿ 70 ಡಿಗ್ರಿ. ಹಾಗಾಗಿ ತಂತಿ, ಕಾಗದ, ಪ್ಲಾಸ್ಟಿಕ್‌ಗಳನ್ನು ದೂರವಿಟ್ಟು ಪೆಟ್ಟಿಗೆಗೆ ಗಾಳಿಕಿಂಡಿ ಇಡುವುದು ಅಗತ್ಯ.

ಮುಂದಿನ ದಾರಿ

ಎರಡು ರೆಸಿಸ್ಟರ್‌ಗಳಲ್ಲಿ 36 ವ್ಯಾಟ್ ವ್ಯರ್ಥವಾದರೆ, ದಿನಕ್ಕೆ 10 ಗಂಟೆಯಂತೆ 300 ದಿನಗಳಿಗೆ ಮೋಟಾರೊಂದಕ್ಕೆ 108 ಯೂನಿಟ್ ನಷ್ಟ. ಚಾಪರ್ ಡ್ರೈವರ್‌ಗಳು ಪ್ರವಾಹವನ್ನು ಕಡಿದು ಕಡಿದು ಕೊಟ್ಟು ಈ ನಷ್ಟದ ಬಹುಭಾಗವನ್ನು ತಪ್ಪಿಸುತ್ತವೆ. ಹೊಸ ಯಂತ್ರಕ್ಕೆ ಅವೇ ಲೇಸು. ಹಳೆಯ ಯಂತ್ರದ ದುರಸ್ತಿಗೆ ರೆಸಿಸ್ಟರನ್ನೇ ಕೊಳ್ಳುವುದಾದರೆ ಓಮ್, ವ್ಯಾಟ್, ಕವಚದ ಬಗೆ ಈ ಮೂರನ್ನೂ ಬೇಡಿಕೆ ಪತ್ರದಲ್ಲಿ ಬರೆಯುವುದು ಕೊಳ್ಳುವವರಿಗೂ ಮಾರುವವರಿಗೂ ಕ್ಷೇಮ.