ಊಟಕ್ಕೆ ಮೊದಲು ನಾಲ್ಕು ಸಾಲು

ನಮಗೆಲ್ಲಿ ಬರೆಯೋಕೆ ಬರುತ್ತೆ ಅನ್ನುವವರಲ್ಲಿ ನಾನೂ ಒಬ್ಬ. ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಓದಿದ ಮೇಲಂತೂ ಪೆನ್ನು ಮುಟ್ಟಲು ಹೆದರಿಕೆ. ಆದರೆ 1988ರಲ್ಲಿ ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ ಶುರುವಾದಾಗ ಅದಕ್ಕೆ ಬರೆದವರು ಸಾಹಿತಿಗಳಲ್ಲ, ನಮ್ಮಂಥ ಕೃಷಿಕರೇ.

ಒಂದು ವರ್ಷ ನಮ್ಮ ಅರಕಲಗೂಡು ಕಡೆ ಆಲೂಗೆಡ್ಡೆಗೆ ಅಂಗಮಾರಿ ಬಂತು. ನಮ್ಮ ಒಂದೆಕರೆ ವಾರದೊಳಗೆ ಸುಟ್ಟಂತಾಯಿತು. ಯಾವತ್ತು ಬಿತ್ತಿದ್ದು, ಎಷ್ಟು ದಿನ ಮೋಡ ಕವಿದಿತ್ತು, ಮೊದಲು ಯಾವ ಮೂಲೆ ಕಪ್ಪಾಯಿತು? ನನಗೂ ನೆನಪಿಲ್ಲ, ಮನೆಯವಳಿಗೂ ಇಲ್ಲ. ಅವತ್ತೇ ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಹಿಡಿದು ಕೂತೆ.

ದಿನಾ ನಾಲ್ಕೇ ಸಾಲು, ಅದೂ ರಾತ್ರಿ ಊಟಕ್ಕೆ ಮೊದಲು. ಉಂಡ ಮೇಲೆ ಅಂದರೆ ನಿದ್ದೆಯೇ ಗೆಲ್ಲುತ್ತೆ. ಬರೆದದ್ದನ್ನು ತಿದ್ದಬಾರದು, ಹರಿಯಬಾರದು, ನಿನ್ನೆಯದನ್ನು ಓದಿ ನಾಚಬಾರದು. ಒಂದು ದಿನ ತಪ್ಪಿದರೆ ಮಾರನೇ ದಿನ ಎಂಟು ಸಾಲು ಬರೆಯೋಕೂ ಹೋಗಬೇಡಿ, ಅದು ಸಾಲ ತೀರಿಸಿದ ಹಾಗಾಗಿ ಬೇಸರ ಬರುತ್ತೆ.

ಮೊದಲು ‘ಮಳೆ ಬಂತು, ಕಳೆ ತೆಗೆದೆವು’ ಇಷ್ಟೇ. ಬರ್ತಾ ಬರ್ತಾ ಬೇರೆಯವೂ ಸೇರಿದವು. ಕಳೆ ಕೀಳುವ ಹೆಂಗಸರ ಮಾತು, ಸಂತೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ಎತ್ತಿಗೆ ಬೆಲೆ ಕಟ್ಟಿದ್ದು, ಚನ್ನರಾಯಪಟ್ಟಣದ ನೆಂಟರು ನುಸಿ ಬಿದ್ದ ತೆಂಗು ಸುಲಿದು ತೋರಿಸಿ ಸುಮ್ಮನಾದದ್ದು. ಇದನ್ನೇ ಕತೆ ಅಂತಾರೋ ಏನೋ, ನಾನು ಕೇಳಿಲ್ಲ.

ಮೂರು ವರ್ಷದ ನಂತರ ತಿರುವಿ ನೋಡಿದೆ. ಮೂರು ಸಲವೂ ರೋಗ ಕಂಡದ್ದು ಕಾಲುವೆ ಪಕ್ಕದ ತಗ್ಗಿನಲ್ಲೇ, ಮೋಡ ಬಿಡದೆ ಕವಿದ ಮೇಲೆ. ಈಗ ಮೋಡ ನಿಂತರೆ ಚುಕ್ಕೆ ಕಾಣುವ ಮುಂಚೆಯೇ ಆ ತಗ್ಗಿನಿಂದ ಶುರು ಮಾಡಿ ಮ್ಯಾಂಕೋಜೆಬ್ ಹೊಡೀತೀನಿ. ಕಾಗುಣಿತದ ತಪ್ಪು ಮಾತ್ರ ಹಾಗೇ ಇವೆ.